ಆರ್‌ಎಸ್‌ವಿ ವೈರಸ್‌ನ ಎಫ್ ಪ್ರೋಟೀನ್‌ಗೆ ಎರಡು ಆಕಾರ ಯಾಕೆ?

ಪ್ರಶ್ನೆ: ಎಂಎಸ್ಸಿ ಸೆಮಿನಾರ್‌ಗೆ ಆರ್‌ಎಸ್‌ವಿ (ಉಸಿರಾಟದ ಸೋಂಕು ತರುವ ವೈರಸ್) ತಗೊಂಡಿದ್ದೇನೆ. ಎಫ್ ಪ್ರೋಟೀನ್ ಒಂದೇ ಅಲ್ವಾ? ಮತ್ತೆ ಲಸಿಕೆಗೆ ಅದರ ಆಕಾರ ಯಾಕೆ ಅಷ್ಟು ಮುಖ್ಯ?

ಉತ್ತರ: ಒಂದೇ, ಆದರೆ ಮೂರು ಪ್ರತಿ ಸೇರಿ ಒಂದು ಗೊಂಚಲಾಗಿ ವೈರಸ್‌ನ ಮೈಮೇಲೆ ನಿಂತಿರುತ್ತದೆ. ಅದರ ಕೆಲಸ ವೈರಸ್‌ನ ಪೊರೆಯನ್ನು ನಮ್ಮ ಜೀವಕೋಶದ ಪೊರೆಗೆ ಬೆಸೆಯೋದು. ಮೊದಲು ಒತ್ತಿ ಹಿಡಿದ ಸ್ಪ್ರಿಂಗ್ ಥರ ಮೋಟಾಗಿರುತ್ತದೆ, ಬಿಚ್ಚಿಕೊಂಡಾಗ ಉದ್ದಕ್ಕೆ ಚಾಚಿ ಜೀವಕೋಶದ ಪೊರೆಗೆ ಚುಚ್ಚಿಕೊಂಡು, ಆಮೇಲೆ ಮಡಚಿಕೊಳ್ಳುತ್ತಾ ಎರಡೂ ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಒಮ್ಮೆ ಹೀಗಾದರೆ ಹಳೇ ಆಕಾರಕ್ಕೆ ವಾಪಸ್ ಬರೋದಿಲ್ಲ.

ಇನ್ನೊಂದು ಉತ್ತರ: ಲಸಿಕೆಯ ಗುಟ್ಟು ಇಲ್ಲೇ ಇದೆ. ವೈರಸ್ಸನ್ನು ಜೋರಾಗಿ ತಡೆಯುವ ಆ್ಯಂಟಿಬಾಡಿಗಳು ಜಾಸ್ತಿ ಹಿಡಿಯೋದು ಮೋಟು ಆಕಾರದ ತುದಿಯನ್ನು, ಬಿಚ್ಚಿಕೊಂಡ ಮೇಲೆ ಆ ಜಾಗವೇ ಉಳಿಯೋದಿಲ್ಲ. 1960ರ ದಶಕದಲ್ಲಿ ಆರ್‌ಎಸ್‌ವಿಯನ್ನು ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿ ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆ ರಕ್ಷಣೆ ಕೊಡಲಿಲ್ಲ, ಲಸಿಕೆ ಪಡೆದವರಿಗೆ ಆಮೇಲೆ ಸೋಂಕು ತಗುಲಿದಾಗ ಕಾಯಿಲೆ ಇನ್ನೂ ಜೋರಾಗಿ ಇಬ್ಬರು ಮಕ್ಕಳು ತೀರಿಕೊಂಡರು. ಅದನ್ನು ಓದಿದಾಗ ನನಗೆ ತುಂಬಾ ಸಂಕಟವಾಗಿತ್ತು. 2013ರಲ್ಲಿ ವಿಜ್ಞಾನಿ ಜೇಸನ್ ಮೆಕ್‌ಲೆಲನ್ ಮತ್ತು ಜೊತೆಗಾರರು ಮೋಟು ಆಕಾರದ ರಚನೆ ಕಂಡುಹಿಡಿದು, ಅಮೈನೋ ಆಮ್ಲ ಬದಲಿಸಿ ಅದು ಬಿಚ್ಚದ ಹಾಗೆ ಬಿಗಿದರು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಲಸಿಕೆಗಳಲ್ಲಿ ಇರೋದು ಹೀಗೆ ಬಿಗಿದ ಎಫ್.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್, ಸ್ಪ್ರಿಂಗ್ ಹೋಲಿಕೆಯಿಂದಲೇ ಸೆಮಿನಾರ್ ಶುರು ಮಾಡ್ತೇನೆ.