ನೀಲಿ ಶ್ರಿಂಪ್ ಟ್ಯಾಂಕಿನಲ್ಲಿ ಕಂದು ಮರಿಗಳು: ಬೇರೆ ಬಣ್ಣ ಬೆರೆಸಿಯೇ ಇಲ್ಲ, ಆದ್ರೂ ಯಾಕೆ?

ನೀಲಿಬಾಲ

ಎಲ್ಲರಿಗೂ ನಮಸ್ಕಾರ, ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನನ್ನ ಹತ್ತಿರ 40 ಲೀಟರಿನ ಎರಡು ಟ್ಯಾಂಕ್ ಇವೆ. ಎರಡರಲ್ಲೂ ಶ್ರಿಂಪ್, ಅಂದರೆ ಸಿಹಿನೀರಿನ ಪುಟ್ಟ ಸಿಗಡಿ. ಒಂದರಲ್ಲಿ ರೆಡ್ ಚೆರ್ರಿ ಅನ್ನುವ ಕೆಂಪು ತಳಿ, ಇನ್ನೊಂದರಲ್ಲಿ ಬ್ಲೂ ಡ್ರೀಮ್ ಅನ್ನುವ ನೀಲಿ ತಳಿ. ಎರಡು ಬಣ್ಣ ಕೂಡಿದರೆ ಮರಿಗಳ ಬಣ್ಣ ಕೆಡುತ್ತದೆ ಅಂತ ಮೊದಲೇ ಓದಿದ್ದೆ. ಅದಕ್ಕೇ ಬೇರೆ ಬೇರೆ ಇಟ್ಟಿದ್ದು.

ಸಂಕ್ರಾಂತಿ ಹೊತ್ತಿಗೆ 10 ನೀಲಿ ತಂದೆ. ಈಗ ಗಣೇಶನ ಹಬ್ಬಕ್ಕೆ 70 ಹತ್ತಿರ ಆಗಿವೆ. ಖುಷಿ ಪಡೋಣ ಅಂದರೆ ಅದರಲ್ಲಿ 23 ಕಂದು! ಕೆರೆ ನೀರಿನ ಬಣ್ಣ. ಎಲ್ಲಾ ಒಂದು ಸೆಂಟಿಮೀಟರ್ ಆಸುಪಾಸು.

ನೀರು ಕಾವೇರಿದು, ಕ್ಲೋರಿನ್ ತೆಗೆದೇ ಹಾಕುತ್ತೇನೆ. ಪಿಎಚ್ 7.2, ಜಿಎಚ್ (ಗಡಸುತನ) 8, ಟಿಡಿಎಸ್ (ಕರಗಿದ ಲವಣಾಂಶ) 220, ತಾಪಮಾನ 25 ಡಿಗ್ರಿ. ಒಂದೂ ಸತ್ತಿಲ್ಲ. ತಪ್ಪು ಎಲ್ಲಿ ಆಗಿದೆ? ನೀರಾ, ಊಟಾನಾ?

ಕಡಲತಡಿ

ನೀರಿನದಲ್ಲ. ನಿಮ್ಮ ಅಂಕಿಗಳು ಈ ಶ್ರಿಂಪ್‌ಗಳಿಗೆ, ಅಂದರೆ ನಿಯೋಕ್ಯಾರಿಡಿನಾಗೆ (ಚಿಕ್ಕದಾಗಿ ನಿಯೋ), ಚೆನ್ನಾಗಿಯೇ ಇವೆ. ಊಟ ಸರಿಯಿಲ್ಲದಿದ್ದರೆ, ಹೆದರಿದರೆ, ಬಣ್ಣ ಪೇಲವ ಆಗುತ್ತದೆ ನಿಜ. ಆದರೆ ನೀಲಿ ಪೇಲವ ಆದರೆ ತಿಳಿನೀಲಿ ಆಗಬೇಕು, ಕಂದು ಆಗುವುದಿಲ್ಲ. ಇದು ಅಪ್ಪ ಅಮ್ಮನ ಕಡೆಯಿಂದ ಬಂದದ್ದು.

ಹೊಸಬರಿಗಾಗಿ ಒಂದು ಮಾತು. ಕೆಂಪು, ನೀಲಿ, ಹಳದಿ, ಹಸಿರು, ಕಪ್ಪು ಅಂತ ಅಂಗಡಿಯಲ್ಲಿ ಸಿಗುವ ನಿಯೋಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿ, ನಿಯೋಕ್ಯಾರಿಡಿನಾ ಡೇವಿಡಿ. ಕಾಡಿನಲ್ಲಿ ಇದರ ಬಣ್ಣವೇ ಕಂದು. ಸಾಕುವವರು ಒಂದೊಂದೇ ಬಣ್ಣವನ್ನು ಆರಿಸಿ ಆರಿಸಿ, ತಲೆಮಾರುಗಟ್ಟಲೆ ಬೆಳೆಸಿದ್ದಾರೆ. ಬೆರೆತರೆ ಮತ್ತೆ ಕಾಡಿನ ಬಣ್ಣಕ್ಕೇ ಓಡುತ್ತವೆ.

ಈಗ ನನ್ನ ಪ್ರಶ್ನೆ. ಕೆಂಪು ಟ್ಯಾಂಕಿನಿಂದ ನೀಲಿ ಟ್ಯಾಂಕಿಗೆ ಗಿಡ, ಕಲ್ಲು, ಸ್ಪಾಂಜ್ ಏನಾದ್ರೂ ಹಾಕಿದ್ದೀರಾ? ಬಲೆ ಎರಡಕ್ಕೂ ಒಂದೇನಾ?

ನೀಲಿಬಾಲ

ಅಯ್ಯೋ. ಯುಗಾದಿಗೆ ಮನೆ ತೊಳೆಯುವಾಗ ಕೆಂಪು ಟ್ಯಾಂಕಿನ ಜಾವಾ ಮಾಸ್ (ಹಾವಸೆಯಂಥ ನೀರುಗಿಡ) ಒಂದು ಹಿಡಿ ಕಿತ್ತು ನೀಲಿಗೆ ಹಾಕಿದ್ದೆ. ನೋಡಿಯೇ ಹಾಕಿದ್ದು, ಏನೂ ಇರಲಿಲ್ಲ. ಬಲೆ ಒಂದೇ.

ಕಡಲತಡಿ

ಸಿಕ್ಕಿತು ನೋಡಿ. ಹುಟ್ಟಿದ ಮರಿ 2 ಮಿಲಿಮೀಟರ್ ಇರುತ್ತದೆ, ಗಾಜಿನಷ್ಟೇ ಪಾರದರ್ಶಕ. ಮಾಸ್ ಒಳಗೆ ಕೂತರೆ ಭೂತಗನ್ನಡಿ ಹಿಡಿದರೂ ಕಾಣುವುದಿಲ್ಲ.

ಲೆಕ್ಕ ಹಾಕಿ. ಯುಗಾದಿಗೆ ಒಂದು ಕೆಂಪು ಗಂಡು ಮರಿ ಬಂತು ಅಂದುಕೊಳ್ಳಿ. ಎರಡೂವರೆ ಮೂರು ತಿಂಗಳಿಗೆ ಅದು ದೊಡ್ಡದಾಯಿತು. ಹೆಣ್ಣು ಮೊಟ್ಟೆ ಹೊರುವುದು ಮೂರು ನಾಲ್ಕು ವಾರ. ಆಮೇಲೆ ಮರಿ ಒಂದು ಸೆಂಟಿಮೀಟರ್ ಆಗಲು ಒಂದೂವರೆ ತಿಂಗಳು. ಸರಿಯಾಗಿ ಇವತ್ತಿಗೆ ಬಂತು. ಕೆಂಪು ಗಂಡು ತೆಳ್ಳಗೆ, ಮಾಸಲಾಗಿ ಇರುತ್ತದೆ, ಹಗಲಲ್ಲಿ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಲೈಟ್ ಆರಿಸಿ ಎರಡು ಗಂಟೆ ಬಿಟ್ಟು ಟಾರ್ಚ್ ಹಾಕಿ ಹುಡುಕಿ.

ಜವುಗುಮನೆ

ಮಾಸ್ ಮೇಲೆ ನನಗೂ ಅನುಮಾನ ಇದೆ. ಆದರೆ ತೀರ್ಪು ಕೊಡುವ ಮೊದಲು ಇನ್ನೊಂದು ಕೇಳಬೇಕು. ಆ 10 ಬಿಟ್ಟರೆ ಬೇರೆ ನೀಲಿ ತಂದಿದ್ದೀರಾ?

ನೀಲಿಬಾಲ

ಹೌದು, ಜೂನ್‌ನಲ್ಲಿ ಇನ್ನೊಂದು ಅಂಗಡಿಯಿಂದ 4 ತಂದೆ. ಹೊಸ ರಕ್ತ ಸೇರಲಿ ಅಂತ. ಅವೂ ನೀಲಿಯೇ. ಅದರಲ್ಲಿ ಒಂದರ ಹೊಟ್ಟೆ ತುಂಬ ಮೊಟ್ಟೆ ಇತ್ತು ಅಂತ ಅಂಗಡಿಯವರು 50 ರೂಪಾಯಿ ಜಾಸ್ತಿ ತಗೊಂಡರು.

ಜವುಗುಮನೆ

ಮೊಟ್ಟೆ ಹೊತ್ತ ಹೆಣ್ಣು ಲಾಭ ಅಲ್ಲ, ಲಾಟರಿ. ಹೆಣ್ಣು ಪೊರೆ ಬಿಟ್ಟ ತಕ್ಷಣ ಗಂಡು ಕೂಡುತ್ತದೆ. ಮೊಟ್ಟೆ ಹೊಟ್ಟೆಯಡಿ ಬಂತು ಅಂದರೆ ಆ ಕೆಲಸ ಮುಗಿದಿದೆ ಅಂತಲೇ ಅರ್ಥ. ಅಂಗಡಿಯ ತೊಟ್ಟಿಯಲ್ಲಿ ಹಳದಿ, ಕೆಂಪು ಎಲ್ಲಾ ಒಟ್ಟಿಗೆ ಇದ್ದರೆ ಆ ಮರಿಗಳ ಅಪ್ಪ ಯಾರು ಅಂತ ಯಾರು ಹೇಳುತ್ತಾರೆ?

ನನ್ನ ದೊಡ್ಡ ಅನುಮಾನ ಬೇರೆ. ನೀಲಿ ಅಂದರೆ ಒಂದೇ ವಂಶ ಅಲ್ಲ. ಕೆಂಪು ರಿಲಿಯಿಂದ (ಮೈಯ ನಡುಭಾಗ ಪಾರದರ್ಶಕವಾಗಿರುವ ತಳಿ) ಬಂದ ನೀಲಿ ಒಂದು, ಅದನ್ನು ಸಾಮಾನ್ಯವಾಗಿ ಬ್ಲೂ ವೆಲ್ವೆಟ್ ಅನ್ನುತ್ತಾರೆ. ಚಾಕಲೇಟ್, ಕಪ್ಪಿನ ಕಡೆಯಿಂದ ಬಂದದ್ದು ಇನ್ನೊಂದು, ಅದು ಬ್ಲೂ ಡ್ರೀಮ್. ಬಣ್ಣ ಹತ್ತಿರ, ಹುಟ್ಟು ದೂರ. ಇವೆರಡನ್ನು ಕೂಡಿಸಿದರೆ ಕಂದು ಬರುತ್ತದೆ ಅನ್ನುವುದು ಸಾಕುವವರು ಪದೇ ಪದೇ ನೋಡಿರುವ ಸಂಗತಿ. ನಾನೂ ಒಮ್ಮೆ ಇದೇ ಹಳ್ಳಕ್ಕೆ ಬಿದ್ದಿದ್ದೇನೆ. ಅಂಗಡಿಯ ಚೀಟಿಯ ಮೇಲೆ ಎರಡಕ್ಕೂ ಬರೀ 'ಬ್ಲೂ' ಅಂತ ಬರೆದಿರುತ್ತದೆ.

ಟಾರ್ಚ್ ಹಾಕುವಾಗ ಕೆಂಪು ಮಾತ್ರ ಹುಡುಕಬೇಡಿ, ನೀಲಿಗಳನ್ನೂ ನೋಡಿ.

ನೀಲಿಬಾಲ

ಮೂರು ರಾತ್ರಿ ಹುಡುಕಿದೆ. ಮಾಸ್ ಪೂರ್ತಿ ತೆಗೆದು ಬಿಳಿ ಬೇಸಿನ್‌ನಲ್ಲಿ ಅಲ್ಲಾಡಿಸಿದೆ, ಟೀ ಸೋಸುವ ಜಾಲರಿಯಲ್ಲಿ ಸೋಸಿದೆ. ಕೆಂಪು ಒಂದೂ ಇಲ್ಲ.

ಆದರೆ ಜವುಗುಮನೆ ಹೇಳಿದ್ದು ಕಂಡಿತು. ಟಾರ್ಚನ್ನು ಹಿಂದಿನ ಗಾಜಿಗೆ ಹಿಡಿದೆ. ಹಳೇ ನೀಲಿಗಳು ಕಪ್ಪು ನೆರಳಿನ ಹಾಗೆ ಕಂಡವು, ಬೆಳಕು ದಾಟಲೇ ಇಲ್ಲ. ಜೂನ್‌ನ ನಾಲ್ಕು ಮಾತ್ರ ನೀಲಿ ಗಾಜಿನ ಬಳೆ ಚೂರಿನ ಹಾಗೆ ಹೊಳೆದವು. ಒಂದರ ಕುತ್ತಿಗೆ ಹಿಂದೆ ಹಳದಿ ಮೊಟ್ಟೆಚೀಲ ಕೂಡ ಕಾಣುತ್ತಿತ್ತು. ಇಷ್ಟು ದಿನ ದಿನಾ ನೋಡುತ್ತಿದ್ದೆ, ಗೊತ್ತೇ ಆಗಿರಲಿಲ್ಲ!

ಜವುಗುಮನೆ

ಹಾಗಾದರೆ ಎರಡು ವಂಶದ ನೀಲಿ ಬೆರೆತಿರಬೇಕು. ಪರೀಕ್ಷೆ ಮಾಡಿಯೇ ಬಿಡಿ. ಹಳೇ ಹತ್ತರಲ್ಲಿ ಉಳಿದಿರುವುದನ್ನು ಮಾತ್ರ ಹೊಸ ಟ್ಯಾಂಕಿಗೆ ಹಾಕಿ. ಮೊಟ್ಟೆ ಹೊತ್ತ ಹೆಣ್ಣನ್ನು ಈಗಲೇ ಹಾಕಬೇಡಿ. ಅದು ಮರಿ ಬಿಟ್ಟು ಹೊಟ್ಟೆ ಖಾಲಿಯಾದ ಕೂಡಲೇ, ಮುಂದಿನ ಪೊರೆ ಬಿಡುವ ಮೊದಲೇ ಹಾಕಿ. ಮುಂದಿನ ಮೊಟ್ಟೆಗೆ ಹೊಸ ಕೂಡುವಿಕೆ ಬೇಕೇ ಬೇಕು. ಹಾಗಾಗಿ ಅಲ್ಲಿ ಹುಟ್ಟುವ ಮರಿಗೆ ಅಪ್ಪ ಯಾರು ಅನ್ನುವ ಗೊಂದಲ ಇರುವುದಿಲ್ಲ.

ಈಗಿರುವ ನೀಲಿ ಮರಿಗಳನ್ನು ನಂಬಬೇಡಿ. ಮೇಲೆ ನೀಲಿ ಇದ್ದರೂ ಒಳಗೆ ಏನು ಅಡಗಿದೆಯೋ ಗೊತ್ತಾಗುವುದಿಲ್ಲ.

ತೊಟ್ಟಿಮನೆ

ಒಂದೇ ಟ್ಯಾಂಕಿಗೆ ನಡುವೆ ಜಾಲರಿ ಗೋಡೆ ಹಾಕಿದರೆ ಸಾಕಾಗಲ್ವಾ? ಮೂರನೇ ಟ್ಯಾಂಕ್ ಅಂದರೆ ಮನೆಯಲ್ಲಿ ನನ್ನನ್ನೇ ಹೊರಗೆ ಹಾಕುತ್ತಾರೆ.

ಕಡಲತಡಿ

ಸಾಕಾಗಲ್ಲ. ನೀರು ಹೋಗುವ ತೂತಿನಲ್ಲಿ ಮರಿಯೂ ಹೋಗುತ್ತದೆ. ಆ ಕಡೆ ಹೋಗಿ ದೊಡ್ಡದಾದ ಮೇಲೆ ವಾಪಸ್ ಬರುವುದಿಲ್ಲ ಅಷ್ಟೇ. ಗೋಡೆ ಮೇಲೆ ಹತ್ತಿ ದಾಟಿದ್ದನ್ನೂ ನೋಡಿದ್ದೇನೆ.

ಜಾಗ ಇಲ್ಲ, ಆದರೆ ಎರಡು ಥರ ಬೇಕೇ ಬೇಕು ಅಂದರೆ ಕೂಡಲಾಗದ ಜಾತಿಗಳನ್ನು ಇಡಿ. ಕೆಂಪು ಚೆರ್ರಿ ಜೊತೆ ಅಮಾನೋ ಶ್ರಿಂಪ್ ಇಡಬಹುದು. ಅಮಾನೋ ಮರಿ ಬೆಳೆಯಲು ಉಪ್ಪು ನೀರು ಬೇಕು, ನಿಮ್ಮ ಟ್ಯಾಂಕಿನಲ್ಲಿ ಸಂಸಾರ ಬೆಳೆಯುವುದಿಲ್ಲ. ನಮ್ಮ ದೇಶದ್ದೇ ಆದ ಕ್ಯಾರಿಡಿನಾ ಬಬಾಲ್ಟಿ ಕೂಡ ಆಗುತ್ತದೆ. ಕ್ರಿಸ್ಟಲ್ ರೆಡ್ ಶ್ರಿಂಪ್ ಸಹ ಚೆರ್ರಿ ಜೊತೆ ಕೂಡುವುದಿಲ್ಲ, ಆದರೆ ಅದಕ್ಕೆ ಹುಳಿ ನೀರು ಬೇಕು, ಪಿಎಚ್ 6 ಆಸುಪಾಸು, ಕೆಎಚ್ (ಕಾರ್ಬೊನೇಟ್ ಗಡಸುತನ) ಸೊನ್ನೆ ಹತ್ತಿರ. ಇಬ್ಬರಿಗೂ ಹೊಂದುವ ನೀರು ಮಾಡಲು ಹೋದರೆ ಇಬ್ಬರೂ ಸೊರಗುತ್ತಾರೆ. ಕ್ರಿಸ್ಟಲ್ ಜೊತೆ ಟೈಗರ್ ಶ್ರಿಂಪ್ ಇಟ್ಟರಂತೂ ಮತ್ತೆ ಇದೇ ಕಥೆ, ಅವು ಕೂಡುತ್ತವೆ.

ನೀಲಿಬಾಲ, ಬಲೆ ಎರಡು ಮಾಡಿ. ಹಿಡಿಗೆ ಕೆಂಪು ದಾರ, ನೀಲಿ ದಾರ ಕಟ್ಟಿ. ಗಿಡ ಸಾಗಿಸುವುದಾದರೆ ಒಂದು ತಿಂಗಳು ಬೇರೆ ಬಕೆಟ್‌ನಲ್ಲಿಡಿ. ಮರಿ ಇದ್ದರೆ ಅಷ್ಟರಲ್ಲಿ ಕಾಣುವಷ್ಟು ಬೆಳೆದಿರುತ್ತದೆ. ಈ ಸಲ ಮಾಸ್ ತಪ್ಪಿಸಿಕೊಂಡಿರಬಹುದು, ಪ್ರತಿ ಸಲ ಅಲ್ಲ.

ನೀಲಿಬಾಲ

ಸರಿ. ಕಂದುಗಳನ್ನು ಏನು ಮಾಡಲಿ? ಹತ್ತಿರದ ಕೆರೆಗೆ ಬಿಡಬಹುದಾ? ಊರಿಂದ ಬಂದ ಅಮ್ಮ ನೋಡಿ, 'ಇಷ್ಟು ಸಣ್ಣ ಎಟ್ಟಿಯಲ್ಲಿ ಸುಕ್ಕ ಆಗುವುದಿಲ್ಲ ಮಗಾ' ಅಂದರು (ನಮ್ಮ ಕಡೆ ಸಿಗಡಿಗೆ ಎಟ್ಟಿ, ಅದರ ಒಣ ಮಸಾಲೆ ಪಲ್ಯಕ್ಕೆ ಸುಕ್ಕ ಅಂತಾರೆ).

ಜವುಗುಮನೆ

ಕೆರೆಗೆ ಬೇಡವೇ ಬೇಡ. ಜರ್ಮನಿಯ ಗಿಲ್‌ಬಾಖ್ ಅನ್ನುವ ತೊರೆಗೆ ವಿದ್ಯುತ್ ಸ್ಥಾವರದ ಬಿಸಿ ನೀರು ಸೇರುತ್ತಿತ್ತು. ಅಲ್ಲಿ ಇದೇ ಶ್ರಿಂಪ್ ಬೇರೂರಿಬಿಟ್ಟಿತು. ಅಷ್ಟು ಚಳಿ ದೇಶದಲ್ಲೇ ಹೀಗಾದರೆ ನಮ್ಮ ಕೆರೆಯಲ್ಲಿ ಕೇಳಬೇಕಾ? ಬಾಲ್ಕನಿಯಲ್ಲಿ ಒಂದು ಟಬ್ ಇಡಿ. ಪಾಚಿ ತಿನ್ನಲು ಕಂದು ಬಣ್ಣ ಅಡ್ಡ ಬರುವುದಿಲ್ಲ. ಯಾರಿಗಾದರೂ ಕೊಟ್ಟರೆ ಬೆರಕೆ ಅಂತ ಹೇಳಿ ಕೊಡಿ.

ನೀಲಿಬಾಲ

ಸಂಕ್ರಾಂತಿ ಶುಭಾಶಯ. ಫಲಿತಾಂಶ ಹೇಳಲು ಬಂದೆ.

ಹೊಸ ಟ್ಯಾಂಕಿನಲ್ಲಿ ಹಳೇ ನೀಲಿ 7 ಹಾಕಿದ್ದೆ. ದೀಪಾವಳಿ ಕಳೆದ ಮೇಲೆ ಎರಡು ಸಲ ಮರಿ ಬಂದವು. ಇಲ್ಲಿಯವರೆಗೆ ಎಣಿಸಿದ್ದು 41, ಎಲ್ಲಾ ನೀಲಿ. ಒಂದು ಸಣ್ಣ ಬೌಲ್‌ನಲ್ಲಿ ಜೂನ್‌ನ ಹೆಣ್ಣು ಒಂದು, ಹಳೇ ಗಂಡು ಒಂದು ಇಟ್ಟಿದ್ದೆ. ಅಲ್ಲಿ 18 ಮರಿ, ಹದಿನೆಂಟೂ ಕಂದು. ಜವುಗುಮನೆಯವರ ಮಾತೇ ನಿಜ. ಮಾಸ್ ಪಾಪ, ಸುಮ್ನೆ ಬೈಸಿಕೊಂಡಿತು.

ಇನ್ನೊಂದು ವಿಷಯ. ಬಾಲ್ಕನಿಯ ಕಂದು ಟಬ್‌ನಲ್ಲಿ ಈಗ ಅವುಗಳದ್ದೇ ಮರಿಗಳು ಓಡಾಡುತ್ತಿವೆ. ನಿನ್ನೆ ಅದರಲ್ಲಿ ಒಂದು ನೀಲಿ ಕಂಡೆ. ಹಳೇ ನೀಲಿಗಳಿಗಿಂತ ಗಾಢ, ಎಷ್ಟು ಚೆನ್ನಾಗಿದೆ ಗೊತ್ತಾ! ಅದೊಂದನ್ನು ಹೊಸ ಟ್ಯಾಂಕಿಗೆ ಹಾಕಲಾ?

ಜವುಗುಮನೆ

ಬಲೆ ಕೆಳಗಿಡಿ.

ಕಡಲತಡಿ

ಎರಡೂ ಬಲೆ.