ತಂಗಿಗೆ ಬಂದಿರುವ ನೆರವಿನ ಪತ್ರದಲ್ಲಿ ನಿಜವಾದ ನೆರವು ಎಷ್ಟು?

ಪ್ರಶ್ನೆ

ನಮ್ಮದು ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಪಡೆದು ನೆಲೆಸಿರುವ ಕುಟುಂಬ. ಅಪ್ಪ, ಅಮ್ಮ ಇಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ನಾನೂ ಹೈಸ್ಕೂಲು ಮುಗಿಸಿದ ಕೂಡಲೇ ಕೆಲಸಕ್ಕೆ ಸೇರಿದೆ. 2025–26ನೇ ಸಾಲಿಗೆ ತಂಗಿಗೆ ಕಾಲೇಜಿನಲ್ಲಿ ಪ್ರವೇಶ ದೊರೆತಿದ್ದು, ಅಲ್ಲಿಂದ ಬಂದ ಪತ್ರದಲ್ಲಿ ಒಟ್ಟು ನೆರವು 22,395 ಡಾಲರ್ ಎಂದು ನಮೂದಿಸಿದ್ದಾರೆ. ಸರ್ಕಾರ ಕೊಡುವ ಪೆಲ್ ಗ್ರಾಂಟ್ 5,395, ಕಾಲೇಜಿನ ಗ್ರಾಂಟ್ 9,000, ಸಬ್ಸಿಡೈಸ್ಡ್ 3,500, ಅನ್‌ಸಬ್ಸಿಡೈಸ್ಡ್ 2,000, ವರ್ಕ್-ಸ್ಟಡಿ 2,500. ಇದೆಲ್ಲವೂ ಉಚಿತವೆಂದು ಅಪ್ಪ ಸಂತೋಷಪಟ್ಟಿದ್ದಾರೆ, ನನಗೆ ಅನುಮಾನವಿದೆ. ಇದಲ್ಲದೆ ಹೊರಗಿನ ಸಂಘವೊಂದು 3,000 ಡಾಲರ್ ವಿದ್ಯಾರ್ಥಿವೇತನ ಕೊಡುವುದಾಗಿ ತಿಳಿಸಿದೆ. ಕಳೆದ ವರ್ಷದಿಂದ ಅಪ್ಪನ ದುಡಿಮೆಯೂ ಅರ್ಧಕ್ಕೆ ಇಳಿದಿದೆ. ನಾವು ಏನು ಮಾಡಬೇಕು?

ಉತ್ತರ 1 (ಕಾಲೇಜೊಂದರ ಹಣಕಾಸು ನೆರವಿನ ಕಚೇರಿಯಲ್ಲಿ ಕೆಲಸ ಮಾಡಿದವರು)

ನಿಮ್ಮ ಅನುಮಾನ ಸರಿಯಾಗಿದೆ. ಮರಳಿ ಕೊಡಬೇಕಿಲ್ಲದ ಹಣವೆಂದರೆ ಮೊದಲ ಎರಡು ಸಾಲುಗಳು ಮಾತ್ರ, ಅಂದರೆ 14,395 ಡಾಲರ್. ಮುಂದಿನ ಎರಡು ಸಾಲುಗಳಲ್ಲಿ "ಸಾಲ" ಎಂಬ ಪದವೇ ಇಲ್ಲದಿದ್ದರೂ ಅವು ಸರ್ಕಾರದ ಸಾಲಗಳೇ. ಪೋಷಕರನ್ನು ಅವಲಂಬಿಸಿರುವ ವಿದ್ಯಾರ್ಥಿಗೆ ಮೊದಲ ವರ್ಷ ಕೊಡಬಹುದಾದ 5,500 ಡಾಲರಿನ ಮಿತಿಯಷ್ಟನ್ನೂ ಅಲ್ಲಿ ತುಂಬಿಸಿದ್ದಾರೆ. ಸಬ್ಸಿಡೈಸ್ಡ್ ಸಾಲಕ್ಕೆ ಓದುವ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ, ಇನ್ನೊಂದಕ್ಕೆ ಹಣ ಕೈಸೇರಿದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ವರ್ಕ್-ಸ್ಟಡಿ ಎಂಬುದು ನಿಮ್ಮ ತಂಗಿ ಗಂಟೆಗಳ ಲೆಕ್ಕದಲ್ಲಿ ದುಡಿದ ಮೇಲೆ ಬರುವ ಕೂಲಿಯಾದ್ದರಿಂದ ಸೆಮಿಸ್ಟರಿನ ಆರಂಭದ ಶುಲ್ಕಕ್ಕೆ ಅದನ್ನು ನಂಬಿಕೊಳ್ಳಬೇಡಿ.

ಅಪ್ಪನ ವರಮಾನದ ವಿಷಯವನ್ನು ದಯವಿಟ್ಟು ಸುಮ್ಮನೆ ಬಿಡಬೇಡಿ. ನೆರವಿಗಾಗಿ ಸರ್ಕಾರಕ್ಕೆ ಸಲ್ಲಿಸುವ 2025–26ರ ಫಾಫ್ಸಾ ಅರ್ಜಿ ನೋಡುವುದು 2023ರ ತೆರಿಗೆ ಲೆಕ್ಕವನ್ನು. ಆಮೇಲೆ ಸಂಬಳ ಕುಸಿದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಈಗಿನ ಸಂಬಳದ ಚೀಟಿಗಳನ್ನು ಜೊತೆಗಿಟ್ಟು ಮರುಪರಿಶೀಲನೆ ಕೋರಿ ಪತ್ರ ಬರೆದರೆ ಕಚೇರಿಯವರು ಲೆಕ್ಕವನ್ನು ಬದಲಿಸಬಹುದು, ಆ ಅಧಿಕಾರ ಕಾನೂನಿನಲ್ಲೇ ಇದೆ. ಈ ಸಾಲಿನ ಪೆಲ್ ಗ್ರಾಂಟಿನ ಗರಿಷ್ಠ ಮೊತ್ತ 7,395 ಆದ್ದರಿಂದ ಹೆಚ್ಚಳಕ್ಕೆ ಅವಕಾಶವಿದೆ. ನಾನು ಕಂಡಂತೆ, ಕಾಲೇಜು ಕಂಡ ಮನೆತನದವರು ಈ ಪತ್ರವನ್ನು ಮೊದಲ ವಾರವೇ ಬರೆಯುತ್ತಾರೆ. ನಮ್ಮಂಥವರ ಮನೆಯವರು ಬಂದದ್ದೇ ಭಾಗ್ಯವೆಂದು ಸಹಿ ಹಾಕಿ ಕಳುಹಿಸುತ್ತಾರೆ.

ಉತ್ತರ 2 (ಮನೆಯಲ್ಲಿ ಮೊದಲು ಪದವಿ ಪಡೆದವರು)

ತಂದೆತಾಯಿಯರಲ್ಲಿ ಯಾರೂ ನಾಲ್ಕು ವರ್ಷದ ಪದವಿ ಮುಗಿಸಿಲ್ಲವೆಂದರೆ ನಿಮ್ಮ ತಂಗಿ ಸರ್ಕಾರದ ದೃಷ್ಟಿಯಲ್ಲಿ ಮೊದಲ ತಲೆಮಾರಿನ ವಿದ್ಯಾರ್ಥಿನಿ. ಇಂಥ ವಿದ್ಯಾರ್ಥಿಗಳಿಗೆ ನೆರವಾಗುವ ಸರ್ಕಾರಿ ಯೋಜನೆಯಾದ ಟ್ರಯೋದ ಕಚೇರಿ ಆ ಕಾಲೇಜಿನಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ. 1960ರ ದಶಕದಲ್ಲಿ ಮೂರು ಯೋಜನೆಗಳಾಗಿ ಆರಂಭವಾದದ್ದರಿಂದ ಅದಕ್ಕೆ ಆ ಹೆಸರು. ಅದರ ವಿದ್ಯಾರ್ಥಿ ಬೆಂಬಲ ಸೇವೆಯಲ್ಲಿ ಟ್ಯೂಷನ್ನೂ ಸಲಹೆಯೂ ಉಚಿತವಾಗಿ ಸಿಗುತ್ತವೆ. ಎಲ್ಲ ಕಾಲೇಜುಗಳಲ್ಲೂ ಇಲ್ಲ, ಇರುವ ಕಡೆ ಸ್ಥಾನಗಳು ಸೀಮಿತ, ಹಾಗಾಗಿ ಬೇಗ ಅರ್ಜಿ ಹಾಕಬೇಕು.

ನಾನು ಮೊದಲ ಸೆಮಿಸ್ಟರಿನಲ್ಲಿ ರಸಾಯನಶಾಸ್ತ್ರ ಕಷ್ಟವೆಂದು ಯಾರನ್ನೂ ಕೇಳದೆ ಆ ಕೋರ್ಸನ್ನು ಕೈಬಿಟ್ಟೆ. ಪೂರ್ಣಾವಧಿಗೆ ಬೇಕಾದ 12 ಕ್ರೆಡಿಟ್ ಇದ್ದದ್ದು 8ಕ್ಕೆ ಇಳಿಯಿತು, ಗ್ರಾಂಟಿನಲ್ಲಿ ಒಂದು ಭಾಗ ಕಡಿತವಾಯಿತು, ಶುಲ್ಕ ಬಾಕಿಯೆಂದು ಮುಂದಿನ ನೋಂದಣಿಯನ್ನೇ ತಡೆದರು. ಟ್ರಯೋ ಕಚೇರಿಯ ಸಲಹೆಗಾರ್ತಿ ನನ್ನ ಪಕ್ಕದಲ್ಲಿ ಕುಳಿತು, ಬಾಕಿಯನ್ನು ಕಂತುಗಳಲ್ಲಿ ಕಟ್ಟಲು ಅವಕಾಶ ಕೇಳುವ ಪತ್ರವನ್ನು ಬರೆಸಿದರು. ಅವರು ಬಿಟ್ಟು ಹೋಗಬೇಡವೆಂದು ಹೇಳದೆ ಇದ್ದಿದ್ದರೆ ನಾನು ಅಂದೇ ಊರಿಗೆ ಬಸ್ಸು ಹತ್ತುತ್ತಿದ್ದೆ. ಕೋರ್ಸು ಬಿಡುವ ಮುನ್ನ ಕೇಳಬೇಕೆಂದು ತಂಗಿಗೆ ಈಗಲೇ ತಿಳಿಸಿ.

ಉತ್ತರ 3

ಸಂಘದ 3,000 ಡಾಲರಿನ ಬಗ್ಗೆ ಒಂದು ಎಚ್ಚರಿಕೆ. ಹೊರಗಿನ ವಿದ್ಯಾರ್ಥಿವೇತನ ಬಂದಾಗ ಕೆಲವು ಕಾಲೇಜುಗಳು ತಮ್ಮ ಗ್ರಾಂಟನ್ನು ಅಷ್ಟೇ ಕಡಿಮೆ ಮಾಡುತ್ತವೆ. ಹೀಗಾದರೆ ಮಗು ಕಷ್ಟಪಟ್ಟು ಗಳಿಸಿದ್ದು ಕಾಲೇಜಿಗೇ ಉಳಿತಾಯವಾಗುತ್ತದೆ. ಇದಕ್ಕೆ 2017ರಲ್ಲಿ ಮೇರಿಲ್ಯಾಂಡ್ ರಾಜ್ಯ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಮೊದಲು ಕಡಿವಾಣ ಹಾಕಿತು. ವಿದ್ಯಾರ್ಥಿವೇತನವನ್ನು ಮುಚ್ಚಿಡುವಂತಿಲ್ಲ, ಆದರೆ ಮೊದಲು ಸಾಲವನ್ನೇ ಕಡಿತ ಮಾಡುವಂತೆ ಲಿಖಿತವಾಗಿ ಕೋರಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು ಅಪ್ಪನ ಜೊತೆ ಕುಳಿತು ಆ ಪತ್ರದ ಸಾಲದ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆವು. ಮರುಪರಿಶೀಲನೆಯ ಪತ್ರವನ್ನು ತಂಗಿಯೇ ಬರೆಯುತ್ತಿದ್ದಾಳೆ. ಸೋಮವಾರ ಸಂಬಳದ ಚೀಟಿಗಳೊಂದಿಗೆ ಕಚೇರಿಗೆ ಹೋಗುತ್ತೇವೆ.