ಅರ್ಕಾವತಿ ಮಾಡೆಲ್: ಮಳೆ ಸರಿಯಾಗೇ ಇದೆ, ಹೊಳೇಲಿ ನೀರಿಲ್ಲ. ಜನರನ್ನ ಮಾಡೆಲ್ ಒಳಗೆ ಹಾಕೋದು ಹೇಗೆ?

ಮಳೆಲೆಕ್ಕ:
ಎಲ್ರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ಗೆ ತಿಪ್ಪಗೊಂಡನಹಳ್ಳಿ ಜಲಾಶಯದಿಂದ ಮೇಲಿನ ಅರ್ಕಾವತಿ ತಗೊಂಡಿದೀನಿ, ನಂದಿಬೆಟ್ಟದ ಹತ್ರ ಹುಟ್ಟಿ ದೊಡ್ಡಬಳ್ಳಾಪುರ, ಹೆಸರಘಟ್ಟ ದಾಟಿ ಬರುತ್ತಲ್ಲ ಅಷ್ಟು ಭಾಗ. ಮಾಮೂಲಿ ಮಳೆ-ಹರಿವಿನ ಮಾಡೆಲ್ಲು, ಇಷ್ಟು ಮಳೆ ಬಂದ್ರೆ ಹೊಳೇಲಿ ಇಷ್ಟು ನೀರು ಅಂತ ಲೆಕ್ಕ ಹಾಕೋದು. 70ರ ದಶಕದವರೆಗಿನ ಡೇಟಾಗೆ ಕ್ಯಾಲಿಬ್ರೇಟ್ ಮಾಡಿದ್ರೆ, ಅಂದ್ರೆ ಮಾಡೆಲ್ಲಿನ ಅಂಕಿಗಳನ್ನ ಅದಕ್ಕೆ ಹೊಂದಿಸಿದ್ರೆ, ಚೆನ್ನಾಗಿ ಕೂರುತ್ತೆ, ಅದನ್ನೇ 90ರಿಂದ ಈಚೆಗೆ ಓಡಿಸಿದ್ರೆ ಮಾಡೆಲ್ಲಲ್ಲಿ ಡ್ಯಾಮ್ ತುಂಬಿರುತ್ತೆ, ನಿಜದಲ್ಲಿ ತಳ ಕಾಣ್ತಿರುತ್ತೆ. ಮಳೆ ನೋಡಿದ್ರೆ ಅಂಥಾ ಇಳಿಕೆ ಏನೂ ಇಲ್ಲ. ಗೈಡು "ಸೋಶಿಯೋ-ಹೈಡ್ರಾಲಜಿ ಓದ್ಕೋ" ಅಂದ್ರು, 2012ರಲ್ಲಿ ಶಿವಪಾಲನ್ ಮತ್ತಿಬ್ರು ಬರೆದಿದ್ದನ್ನ ಓದ್ದೆ, ಮನುಷ್ಯರನ್ನ ಹೊರಗಿಂದ ಇನ್‌ಪುಟ್ ಥರ ಕೊಡ್ಬೇಡಿ, ಅವ್ರೂ ಸಿಸ್ಟಂ ಒಳಗೇ ಇರ್ಲಿ ಅಂತಾರೆ. ಒಪ್ಕೊಂಡೆ ಸ್ವಾಮಿ, ಕೋಡಲ್ಲಿ ಏನ್ ಬರೀಲಿ? ಬೋರ್‌ವೆಲ್ ಸಂಖ್ಯೆ ಅಂತ ಒಂದು ಕಾಲಂ ಸೇರಿಸಿದ್ರೆ ಸಾಕಾ?

ಹಳೆಕೋಡು:
ಸಾಲಲ್ಲ ಗುರು. ಬೋರ್‌ವೆಲ್ ಸಂಖ್ಯೆ ಕಾಲಂ ಆಗಿ ಕೊಟ್ರೆ ಅದು ಮತ್ತೆ ಹೊರಗಿಂದ ಕೊಟ್ಟ ಹಾಗೇ ಆಯ್ತು. ನೀರಿನ ಮಟ್ಟ ಇಳಿದ್ರೆ ಜನ ಇನ್ನೂ ಆಳಕ್ಕೆ ಹೋಗ್ತಾರೆ, ಆಳಕ್ಕೆ ಹೋದ್ರೆ ಮಟ್ಟ ಇನ್ನೂ ಇಳಿಯುತ್ತೆ, ಈ ಎರಡೂ ಒಂದಕ್ಕೊಂದು ಸಿಗ್ಬೇಕು ನಿನ್ ಕೋಡಲ್ಲಿ. ಜೊತೆಗೆ ಒಂದು ಮಿತಿ ಇಡು. ನಮ್ ಕಡೆ ಗಟ್ಟಿ ಕಲ್ಲಿನ ನೆಲ, ಮೇಲಿನ ಪುಡಿಕಲ್ಲಿನ ಪದರದಲ್ಲಿ ನೀರಿದ್ದಷ್ಟು ದಿನ ಅದು ಸೋರಿ ಹಳ್ಳಕ್ಕೆ ಬರ್ತಿತ್ತು, ಮಳೆ ನಿಂತ ಮೇಲೂ ಹೊಳೆ ಜಿನುಗ್ತಿತ್ತು. ಆ ಪದರ ಒಣಗಿದ್ರೆ ಹಳ್ಳಕ್ಕೂ ಅಂತರ್ಜಲಕ್ಕೂ ಸಂಬಂಧ ಕಡ್ಕೊಂಡ ಹಾಗೆ, ಆಮೇಲೆ ಹಳ್ಳದಲ್ಲಿ ಬಂದ ನೀರನ್ನೂ ನೆಲವೇ ಕುಡಿಯುತ್ತೆ. ನಿನ್ ಮಾಡೆಲ್ 70ರ ದಶಕದವರೆಗೆ ಸರಿಯಾಗಿ ಬಂದು ಆಮೇಲೆ ಕೈಕೊಡೋದಕ್ಕೆ ಕಾರಣ ಇದೇ ಅಂತ ನನ್ ಅನುಮಾನ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು 2015ರಲ್ಲಿ ಅರ್ಕಾವತಿ ಯಾಕೆ ಒಣಗ್ತಿದೆ ಅಂತಾನೇ ಬರ್ದಿದಾರೆ, ಮಳೆ-ಬಿಸಿಲಿಗಿಂತ ಅಂತರ್ಜಲ ಎತ್ತೋದು, ನೀಲಗಿರಿ, ಹಳ್ಳಕ್ಕೆ ಅಡ್ಡ ಕಟ್ಟಿರೋ ಚೆಕ್ ಡ್ಯಾಮುಗಳ ಕಡೆಗೇ ಅವ್ರೂ ಬೆರಳು ತೋರ್ಸಿದ್ದು.

ಕಪಿಲೆಬಾವಿ:
ನಾನು ಮಾಡೆಲ್ ಗೀಡೆಲ್ ಓದ್ದೋನಲ್ಲ, ದೊಡ್ಡಬಳ್ಳಾಪುರದ ಕಡೆಯವ್ನು. ನಮ್ ತಾತನ ಕಾಲದ ಬಾವೀಲಿ ಮೂವತ್ತು ಅಡಿಗೆ ನೀರು. ಅಪ್ಪ ಮೊದಲ ಬೋರ್ ಕೊರೆಸಿದ್ದು ಇನ್ನೂರು ಅಡಿ, ಅದು ನಿಂತ್ಮೇಲೆ ಇನ್ನೊಂದು. ಕೊನೇದು ನಾನೇ ಕೊರೆಸಿದ್ದು, ತೆಂಗಿನಕಾಯಿ ಅಂಗೈಲಿಟ್ಕೊಂಡು ಪಾಯಿಂಟ್ ನೋಡಿದ್ರು, ಸಂಜೆ ಆರಕ್ಕೆ ಶುರುವಾಗಿದ್ದು ಬೆಳಗಿನ ಜಾವದವರೆಗೂ ಬರೀ ಬಿಳಿ ಧೂಳು, ಅಮ್ಮ ಟೀ ಕೊಡ್ತಾ ಕೊಡ್ತಾ ಅವ್ರ ತಲೆಕೂದ್ಲೆಲ್ಲ ಹಿಟ್ಟಿನ ಗಿರಣೀಲಿ ನಿಂತೋರ ಥರ ಆಗಿತ್ತು, ಸಾವಿರದ ನೂರು ಅಡಿಗೆ ಒದ್ದೆ ಮಣ್ಣು ಬಂತು, ಅದೂ ಒಂದಿಂಚು. ಲಾಭ ನೋಡಿ ಕೊರೆಸಿದ್ನಾ? ಇಲ್ಲ. ಪಕ್ಕದ ಹೊಲದೋನು ಕೊರೆಸ್ದ, ನಂದು ನಿಂತೋಯ್ತು, ಅಷ್ಟೆ. ಪಂಪ್‌ಸೆಟ್ ಕರೆಂಟು ಬೇರೆ ಫ್ರೀ. ಹಠ ಅನ್ನೋದಕ್ಕೆ ನಿಮ್ ಮಾಡೆಲ್ಲಲ್ಲಿ ಏನಾದ್ರೂ ಅಕ್ಷರ ಇದ್ಯಾ? ಕೈಲಾಗ್ದೋರು ನೀಲಗಿರಿ ನೆಟ್ಟು ಊರು ಬಿಟ್ರು, ಆಳು ಬೇಡ ನೀರು ಬೇಡ ಅಂತ. ಬೇರು ಮಾತ್ರ ಬಿದ್ದ ಮಳೇನ ಕೆಳಕ್ಕೆ ಇಳಿಯೋಕೆ ಬಿಡಲ್ಲ.

ಕೊಳವೆಮಾರ್ಗ:
ಮೇಲಿನೋರು ಹೇಳಿದ್ದೆಲ್ಲ ಸರಿ, ಆದ್ರೆ ಇಬ್ರೂ ಬೆಂಗಳೂರನ್ನೇ ಬಿಟ್ಬಿಟ್ರಿ. ನನ್ ಪ್ರಕಾರ ಈ ಕಥೇಲಿ ದೊಡ್ಡ ಪಾತ್ರ ಅದೇ. ಹೆಸರಘಟ್ಟದ ನೀರು 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿ ಡ್ಯಾಮು 1933ರಲ್ಲಿ, ಅಂದ್ರೆ ಊರಿಗೆ ಕುಡಿಯೋಕೆ ಬೇಕಿದ್ದೇ ಈ ಹೊಳೆ. 1974ರಲ್ಲಿ ಕಾವೇರಿ ಬಂತು, ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡ್ಕೊಂಡು. ಹಂತದ ಮೇಲೆ ಹಂತ, 2024ರಲ್ಲಿ ಐದನೇ ಹಂತ ಬಂತು, ಅದೊಂದೇ ದಿನಕ್ಕೆ 77.5 ಕೋಟಿ ಲೀಟರ್. ನಲ್ಲೀಲಿ ಕಾವೇರಿ ಬರ್ತಿರೋವಾಗ ಅರ್ಕಾವತಿ ಒಣಗಿದ್ರೆ ಜಯನಗರದಲ್ಲಿ ಯಾರಿಗೆ ಗೊತ್ತಾಗುತ್ತೆ? ಜಲಾಶಯದ ಸುತ್ತ ಕಟ್ಟಡ ಬೇಡ ಅಂತ ಸರ್ಕಾರ 2003ರಲ್ಲಿ ಹೊರಡಿಸಿದ ಆದೇಶ 2019ರಲ್ಲಿ ಸಡಿಲ ಆಯ್ತು, ಇದನ್ನ ನಾನು ಅದೇ ಲೆಕ್ಕಕ್ಕೆ ಸೇರಿಸ್ತೀನಿ.

ಆಸ್ಟ್ರೇಲಿಯಾದ ಮರ್ರಂಬಿಡ್ಜಿ ಹೊಳೆ ಮಾಡೆಲ್ ನೋಡಿರ್ತೀಯ, ಅಲ್ಲಿ ಮೊದ್ಲು ನೀರೆಲ್ಲ ಬೇಸಾಯಕ್ಕೆ, ಆಮೇಲೆ ಹೊಳೆ ಹಾಳಾಗೋದು ನೋಡಿ ಜನರಿಗೇ ಕಳವಳ ಶುರುವಾಗಿ ನೀರು ವಾಪಸ್ ಹೊಳೆಗೆ, ಲೋಲಕ ತಿರುಗಿ ಬಂದ ಹಾಗೆ. ಅದನ್ನ ಇಲ್ಲಿಗೆ ಕಾಪಿ ಮಾಡ್ಬೇಡ ದಯವಿಟ್ಟು. ಕಳವಳ ಪಡೋಕೆ ದುಡ್ಡು ಅಧಿಕಾರ ಎರಡೂ ಇರೋರು ಬೇರೆ ಹೊಳೆ ನೀರು ಕುಡೀತಿದಾರೆ ಇಲ್ಲಿ, ಲೋಲಕ ತಿರುಗೋದೇ ಇಲ್ಲ. ನಿನ್ ಮಾಡೆಲ್ ಗಡಿ ಡ್ಯಾಮಿಗೆ ನಿಲ್ಲಿಸ್ಬೇಡ, ಕಾವೇರಿ ಪೈಪ್‌ಲೈನೂ ಒಳಗೆ ಬರ್ಲಿ. ಅದೇ ನೀರು ಬಳಸಿ ಬಿಟ್ಟ ಕೊಳಚೆ ವೃಷಭಾವತೀಲಿ ಇಳ್ದು ಬೈರಮಂಗಲ ಕೆರೆಗೆ, ಅಲ್ಲಿಂದ ಮುಂದೆ ಅರ್ಕಾವತಿಗೇ ಸೇರುತ್ತೆ, ಸಂಗಮದಲ್ಲಿ ಮತ್ತೆ ಕಾವೇರಿ. ಮೇಲೆ ಬಣಬಣ, ಕೆಳಗೆ ವರ್ಷವಿಡೀ ನೊರೆ ನೀರು, ಅಲ್ಲಿನೋರು ಅದ್ರಲ್ಲೇ ಮೇವು, ಬೇಬಿ ಕಾರ್ನ್ ಬೆಳೀತಾರೆ.

ಸುಮ್ನೆಕೇಳ್ತೀನಿ:
ಎಲ್ಲ ಬೋರ್‌ವೆಲ್ ತಪ್ಪು ಅನ್ನೋದಾದ್ರೆ 2022ರಲ್ಲಿ ಹೆಸರಘಟ್ಟ ಕೆರೆ ತುಂಬಿದ್ದು ಹೆಂಗೆ? ಬೋರ್‌ಗಳೆಲ್ಲ ಆ ವರ್ಷ ರಜಾ ಹಾಕಿದ್ವಾ?

ಹಳೆಕೋಡು:
ಒಳ್ಳೇ ಪ್ರಶ್ನೆ, ವ್ಯಂಗ್ಯ ಇದ್ರೂ. ಆ ವರ್ಷದ ಮಳೆ ಇಂಗೋಕೆ ಪುರುಸೊತ್ತು ಕೊಡ್ಲಿಲ್ಲ, ಒಂದ್ ಕೆರೆ ಕೋಡಿ ಬಿದ್ದು ಇನ್ನೊಂದು, ಹಾಗೇ ಸಾಲಾಗಿ ನೆಲದ ಮೇಲೇ ಹರೀತು. ಹೋಗಿರೋದು ಮಾಮೂಲಿ ಮಳೆ ವರ್ಷದ ಹರಿವು, ಬೇಸಿಗೆ ಜಿನುಗು. @ಮಳೆಲೆಕ್ಕ, 2022ನ್ನ ಕ್ಯಾಲಿಬ್ರೇಷನ್‌ಗೆ ಹಾಕದೆ ಎತ್ತಿಡು. ಒಣ ವರ್ಷಗಳನ್ನೂ ಅದನ್ನೂ ಒಂದೇ ಪ್ಯಾರಾಮೀಟರ್ ಸೆಟ್ಟಲ್ಲಿ, ಅಂದ್ರೆ ಹೊಂದಿಸಿಟ್ಟ ಅದೇ ಅಂಕಿಗಳಲ್ಲಿ, ಹಿಡಿದ್ರೆ ಮಾತ್ರ ನಿನ್ ಮಾಡೆಲ್ ನಂಬ್ತೀನಿ.

ಮಳೆಲೆಕ್ಕ:
ಎಲ್ರಿಗೂ ಥ್ಯಾಂಕ್ಸ್. ಸದ್ಯಕ್ಕೆ ಮೂರೇ ಇಡ್ತೀನಿ: ನೀರಿನ ಮಟ್ಟ, ಬೋರ್ ಆಳ, ಬೆಂಗಳೂರಿಗೆ ಈ ಹೊಳೆ ಎಷ್ಟು ಬೇಕು ಅನ್ನೋದು. @ಕಪಿಲೆಬಾವಿ ಅಣ್ಣ, 2022ರಲ್ಲಿ ಕೆರೆ ತುಂಬಿದ್ಮೇಲೆ ನಿಮ್ಮೂರಲ್ಲಿ ಬೋರ್ ಕೊರೆಸೋದು ನಿಂತಿರ್ಬೇಕಲ್ವಾ? ನೀರಿನ ಮಟ್ಟ ಏರಿದ್ರೆ ಕೊರೆಸೋದು ಕಮ್ಮಿ ಅಂತ ಆ ಸಂಬಂಧಕ್ಕೆ ಮೈನಸ್ ಹಾಕ್ಕೊಂಡಿದೀನಿ.

ಕಪಿಲೆಬಾವಿ:
ಪ್ಲಸ್ ಹಾಕಪ್ಪ. ನೀರು ಮೇಲೆ ಬಂದೈತೆ, ಈಗ ಕೊರೆಸಿದ್ರೆ ಫೇಲ್ ಆಗಲ್ಲ ಅಂತ ನಮ್ಮ ಬೀದೀಲೇ ನಾಲ್ಕು ಮನೆಯೋರು ರಿಗ್ ಕರೆಸಿದ್ರು.